ಶರತ್ಕಾಲದ ತರಕಾರಿಗಳಿಂದ ಕೆನೆಯಂಥ ಸೂಪ್: ಮನೆಯಲ್ಲಿ ಮಾಡುವ ಕ್ರಮ

ಸಿಹಿಗುಂಬಳ, ಕ್ಯಾರೆಟ್, ಸಿಹಿಗೆಣಸು, ಆಲೂಗಡ್ಡೆ ಮುಂತಾದ ಶರತ್ಕಾಲದ ತರಕಾರಿಗಳು ಬೇಸಿಗೆಯುದ್ದಕ್ಕೂ ಬಿಸಿಲುಂಡು ಪಿಷ್ಟವನ್ನೂ ಸಕ್ಕರೆಯನ್ನೂ ತಮ್ಮೊಳಗೆ ಕೂಡಿಟ್ಟುಕೊಂಡಿರುತ್ತವೆ. ಆದ್ದರಿಂದಲೇ ಅವನ್ನು ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದಾಗ, ಮತ್ತೇನನ್ನೂ ಬೆರೆಸದಿದ್ದರೂ, ಮುದ್ದೆಯೂ ಅಲ್ಲದ ನೀರೂ ಅಲ್ಲದ ಒಂದು ಹದಕ್ಕೆ ಬರುತ್ತವೆ. ಸೂಪ್ ಮಂದವಾಗಲಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಕಾರ್ನ್‌ಫ್ಲೋರ್ ಕದಡಿ ಸುರಿಯುವುದು ಅಥವಾ ಬಟ್ಟಲುಗಟ್ಟಲೆ ಕ್ರೀಮ್ ಹಾಕುವುದು ಅನೇಕರ ರೂಢಿ. ಮೊದಲು ಹಾಕಿದ ನೀರು ಹೆಚ್ಚಾಗಿರುವುದರಿಂದಲೇ ಈ ಉಪಾಯಗಳು ಬೇಕಾಗುತ್ತವೆ ಎಂಬುದು ಹಲವು ಸಲ ತೆಳ್ಳಗಿನ ಸೂಪ್ ಕುಡಿದ ಬಳಿಕ ನಾನು ಕಂಡುಕೊಂಡದ್ದು. ನೀರನ್ನು ಹಿಡಿತದಲ್ಲಿಟ್ಟು, ತರಕಾರಿಯನ್ನು ಮೊದಲು ಹುರಿದು, ಆಮೇಲೆ ಪೂರ್ತಿ ಬೇಯಿಸಿದರೆ ನಾಲ್ವರಿಗಾಗುವಷ್ಟು ಸೂಪಿಗೆ ಕಾಲು ಬಟ್ಟಲಿಗಿಂತ ಹೆಚ್ಚು ಕ್ರೀಮ್ ಬೇಕಾಗುವುದಿಲ್ಲ.

ತರಕಾರಿಗಳ ಆಯ್ಕೆ

ಈ ಸೂಪಿನ ಮುಖ್ಯ ತರಕಾರಿ ಸಿಹಿಗುಂಬಳ. ಬೂದುಗುಂಬಳದಲ್ಲಿ ನೀರೇ ಹೆಚ್ಚಾಗಿರುವುದರಿಂದ ಅದು ಇಲ್ಲಿಗೆ ಹೊಂದುವುದಿಲ್ಲ. ಕಾಯಿ ಕೊಳ್ಳುವಾಗ ಅದರ ಗಾತ್ರಕ್ಕಿಂತ ತೂಕವನ್ನು ಗಮನಿಸಬೇಕು. ಕೈಯಲ್ಲಿ ಹಿಡಿದಾಗ ನೋಟಕ್ಕಿಂತ ಭಾರವೆನಿಸುವ, ತೊಟ್ಟು ಒಣಗಿರುವ, ಉಗುರಿನಿಂದ ಒತ್ತಿದರೆ ಸಿಪ್ಪೆ ತಗ್ಗದ ಕಾಯಿ ಚೆನ್ನಾಗಿ ಬಲಿತಿದೆ ಎಂದರ್ಥ. ಕುಯ್ದ ಮೇಲೆ ಕೆಲವು ವಾರ ಇಟ್ಟ ಕುಂಬಳ ಆಗ ತಾನೇ ಕುಯ್ದದ್ದಕ್ಕಿಂತ ಸಿಹಿಯಾಗಿರುತ್ತದೆ, ಏಕೆಂದರೆ ಅದರೊಳಗಿನ ಪಿಷ್ಟ ನಿಧಾನವಾಗಿ ಸಕ್ಕರೆಯಾಗಿ ಮಾರ್ಪಡುತ್ತಿರುತ್ತದೆ. ಎಲ್ಲ ತರಕಾರಿಯೂ ತಾಜಾ ಇರಲೇಬೇಕೆಂಬ ನಿಯಮಕ್ಕೆ ಇದೊಂದು ಅಪವಾದ.

ಕುಂಬಳವನ್ನು ಹೆಚ್ಚಿದ ಕೂಡಲೇ ಹಸಿ ತಿರುಳಿನ ಒಂದು ಸಣ್ಣ ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ನೋಡುವುದನ್ನು ಎಂದೂ ಮರೆಯಬಾರದು. ಅದು ಕಹಿಯಾಗಿದ್ದರೆ ಕಾಯಿಯನ್ನು ಪೂರ್ತಿಯಾಗಿ ಎಸೆಯಬೇಕು. ಕುಂಬಳದ ಜಾತಿಯ ಕಾಯಿಗಳಲ್ಲಿ ಅಪರೂಪಕ್ಕೆ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥ ಹೆಚ್ಚಾಗಿ ಸೇರಿರುತ್ತದೆ. ಅದು ಹೊಟ್ಟೆನೋವು, ವಾಂತಿ, ಭೇದಿಗಳನ್ನು ಉಂಟುಮಾಡುತ್ತದೆ ಮತ್ತು ಬೇಯಿಸಿದರೂ ನಾಶವಾಗುವುದಿಲ್ಲ. ಸಕ್ಕರೆ ಅಥವಾ ಕ್ರೀಮ್ ಬೆರೆಸಿ ಆ ಕಹಿಯನ್ನು ಮುಚ್ಚಲು ಹೋಗಬಾರದು.

ಉಳಿದವುಗಳಲ್ಲಿ ಕ್ಯಾರೆಟ್ ಸಿಹಿಯನ್ನೂ ಬಣ್ಣವನ್ನೂ ಕೊಡುತ್ತದೆ, ಆಲೂಗಡ್ಡೆ ಮಂದತನವನ್ನು ಕೊಡುತ್ತದೆ, ಈರುಳ್ಳಿ ಮತ್ತು ಬೆಳ್ಳುಳ್ಳಿ ರುಚಿಗೆ ಬುನಾದಿಯಾಗುತ್ತವೆ. ಕುಂಬಳದ ಅರ್ಧ ಭಾಗದ ಬದಲು ಸಿಹಿಗೆಣಸನ್ನು ಬಳಸಬಹುದು. ಆದರೆ ಆಗ ಸೂಪ್ ತೀರಾ ಸಿಹಿಯಾಗುವುದರಿಂದ ಕೊನೆಯಲ್ಲಿ ಹುಳಿಯನ್ನು ತುಸು ಹೆಚ್ಚಿಸಬೇಕು. ಹೂಕೋಸು ಕೂಡ ಅರೆದಾಗ ಬಹಳ ನುಣುಪಾಗುತ್ತದೆ. ಬೀಟ್‌ರೂಟನ್ನು ಮಾತ್ರ ಇವುಗಳ ಜೊತೆ ಸೇರಿಸದಿರುವುದು ಲೇಸು. ರುಚಿಯಲ್ಲಿ ಅದರದೇನೂ ತಪ್ಪಿಲ್ಲ, ಆದರೆ ಒಂದೇ ಗಡ್ಡೆ ಇಡೀ ಪಾತ್ರೆಯ ಹೊಂಬಣ್ಣವನ್ನು ಮಂಕಾದ ಕೆಂಪಿಗೆ ತಿರುಗಿಸಿಬಿಡುತ್ತದೆ.

ಅಳತೆ

ನಾಲ್ವರಿಂದ ಐವರಿಗೆ ಸಾಕಾಗುವಷ್ಟು ಸೂಪ್ ಮಾಡಲು ಸಿಪ್ಪೆ ಮತ್ತು ಬೀಜ ತೆಗೆದ ಕುಂಬಳದ ತಿರುಳು 600 ಗ್ರಾಂ, ಕ್ಯಾರೆಟ್ 200 ಗ್ರಾಂ, ಆಲೂಗಡ್ಡೆ 150 ಗ್ರಾಂ, ದೊಡ್ಡದೊಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ ಮತ್ತು ಹೆಬ್ಬೆರಳಿನ ತುದಿಯಷ್ಟು ಶುಂಠಿ ಬೇಕು. ಹುರಿಯಲು 2 ದೊಡ್ಡ ಚಮಚ ಎಣ್ಣೆ, ಬಾಡಿಸಲು 1 ದೊಡ್ಡ ಚಮಚ ಬೆಣ್ಣೆ, ಬೇಯಿಸಲು 800 ಮಿಲಿಲೀಟರ್ ಉಪ್ಪಿಲ್ಲದ ತರಕಾರಿ ಸ್ಟಾಕ್, ಕೊನೆಯಲ್ಲಿ ಬೆರೆಸಲು 60 ಮಿಲಿಲೀಟರ್ ಕ್ರೀಮ್, 1 ಸಣ್ಣ ಚಮಚ ನಿಂಬೆರಸ, ರುಚಿಗೆ ಉಪ್ಪು, ಕಾಳುಮೆಣಸಿನ ಪುಡಿ ಮತ್ತು ಒಂದು ಚಿಟಿಕೆ ಜಾಯಿಕಾಯಿ ಪುಡಿ ಇರಲಿ. ಕುಂಬಳದ ಸಿಪ್ಪೆ, ಬೀಜ ಮತ್ತು ನಾರು ಹೋದ ಮೇಲೆ ತೂಕ ಗಣನೀಯವಾಗಿ ಇಳಿಯುವುದರಿಂದ ಕೊಳ್ಳುವಾಗ 800 ರಿಂದ 900 ಗ್ರಾಂ ತೂಗುವ ಹೋಳನ್ನು ತರಬೇಕು.

ಸ್ಟಾಕ್ ಸಿದ್ಧವಿಲ್ಲವೆಂದು ಚಿಂತಿಸುವ ಅಗತ್ಯವಿಲ್ಲ. ಕ್ಯಾರೆಟ್ಟಿನ ಸಿಪ್ಪೆ, ಈರುಳ್ಳಿಯ ತುದಿಗಳು, ಕೊತ್ತಂಬರಿ ಅಥವಾ ಸೆಲರಿಯ ದಂಟು, ನಾಲ್ಕು ಕಾಳುಮೆಣಸು ಇವನ್ನು ಒಂದೂಕಾಲು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ ಸಾಕಾಗುವಷ್ಟು ಸ್ಟಾಕ್ ಸಿಗುತ್ತದೆ, ಮತ್ತು ತರಕಾರಿ ಓವನ್ನಿನಲ್ಲಿರುವಾಗಲೇ ಈ ಕೆಲಸ ಮುಗಿಯುತ್ತದೆ. ಎಲೆಕೋಸು ಮತ್ತು ಹೂಕೋಸಿನ ದಂಟುಗಳನ್ನು ಇದಕ್ಕೆ ಹಾಕಬಾರದು. ಹೆಚ್ಚು ಹೊತ್ತು ಕುದಿದಾಗ ಅವುಗಳಿಂದ ಗಂಧಕದ ವಾಸನೆ ಹೊರಡುತ್ತದೆ.

ಮೊದಲ ಹಂತ: ತರಕಾರಿಯನ್ನು ಹುರಿಯುವುದು

ತರಕಾರಿಯನ್ನು ನೇರವಾಗಿ ನೀರಿಗೆ ಹಾಕಿ ಬೇಯಿಸಿದರೂ ಸೂಪ್ ಆಗುತ್ತದೆ. ಆದರೆ ತೆರೆದ ಪಾತ್ರೆಯ ನೀರಿನಲ್ಲಿ ಬೇಯುವ ಯಾವ ವಸ್ತುವೂ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಲಾರದು. ತರಕಾರಿಯ ಮೈ ಕಂದಾಗಿ ಹುರಿದ ಪರಿಮಳ ಹುಟ್ಟಬೇಕಾದರೆ ಅದರ ಹೊರಮೈ ಸುಮಾರು 140 ಡಿಗ್ರಿಯನ್ನು ದಾಟಬೇಕು. ಆ ಪರಿಮಳವೇ ಈ ಸೂಪಿಗೆ ಆಳವನ್ನು ಕೊಡುವುದರಿಂದ ಸಮಯವಿದ್ದಾಗ ಈ ಹಂತವನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಹುರಿಯುವಾಗ ತರಕಾರಿಯ ನೀರು ಒಂದಿಷ್ಟು ಆವಿಯಾಗಿ ಹೋಗುವುದರಿಂದ ತಿರುಳು ಇನ್ನಷ್ಟು ಗಟ್ಟಿಯಾಗುವುದು ಇದರ ಇನ್ನೊಂದು ಪ್ರಯೋಜನ.

ಓವನ್ನನ್ನು 200 ಡಿಗ್ರಿಗೆ ಬಿಸಿಯಾಗಲು ಬಿಟ್ಟು, ಕುಂಬಳವನ್ನು ಎರಡೂವರೆ ಸೆಂಟಿಮೀಟರ್ ಹೋಳುಗಳಾಗಿಯೂ ಕ್ಯಾರೆಟ್ಟನ್ನು ಅದಕ್ಕಿಂತ ಚಿಕ್ಕದಾಗಿಯೂ ಹೆಚ್ಚಬೇಕು. ಕ್ಯಾರೆಟ್ ಬೇಯಲು ಹೆಚ್ಚು ಹೊತ್ತು ಹಿಡಿಯುವುದರಿಂದ ಈ ವ್ಯತ್ಯಾಸ. ಹೋಳುಗಳಿಗೆ ಎಣ್ಣೆ ಮತ್ತು ಅರ್ಧ ಸಣ್ಣ ಚಮಚ ಉಪ್ಪು ಸವರಿ, ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಬೇಕು. ಇಲ್ಲಿ ಜಾಗದ ಜಿಪುಣತನ ಸಲ್ಲದು. ಹೋಳುಗಳನ್ನು ಒತ್ತೊತ್ತಾಗಿ ತುಂಬಿದರೆ ಅವುಗಳಿಂದ ಹೊರಟ ಆವಿ ಅಲ್ಲೇ ಸಿಕ್ಕಿಕೊಂಡು ತರಕಾರಿ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತದೆ. ತಟ್ಟೆ ಚಿಕ್ಕದಾದರೆ ಎರಡು ತಟ್ಟೆ ಬಳಸಬೇಕು. ಬೆಳ್ಳುಳ್ಳಿಯ ಎಸಳುಗಳನ್ನು ಸಿಪ್ಪೆ ಸಮೇತ ಅದೇ ತಟ್ಟೆಯ ಮೂಲೆಯಲ್ಲಿಟ್ಟು, 20 ನಿಮಿಷದ ಬಳಿಕ ಬೇರೆ ತೆಗೆದಿಡಬೇಕು. ಉಳಿದ ಹೋಳುಗಳನ್ನು ಆಗ ಒಮ್ಮೆ ಮಗುಚಿ ಒಟ್ಟು 35 ರಿಂದ 40 ನಿಮಿಷ, ಅಂಚುಗಳು ಕಂದಾಗುವವರೆಗೆ ಹುರಿಯಬೇಕು. ಕಂದು ಬಣ್ಣ ಕಪ್ಪಿಗೆ ತಿರುಗಿದ ತುಂಡುಗಳಿದ್ದರೆ ಅವನ್ನು ಆರಿಸಿ ತೆಗೆಯಬೇಕು, ಅವು ಇಡೀ ಸೂಪನ್ನು ಕಹಿ ಮಾಡುತ್ತವೆ.

ಓವನ್ ಇಲ್ಲದಿದ್ದಲ್ಲಿ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹೋಳುಗಳನ್ನು ಎರಡು ಮೂರು ಸಲಕ್ಕೆ ಹಂಚಿಕೊಂಡು, ಪ್ರತಿ ಸಲ ಏಳೆಂಟು ನಿಮಿಷ ಹೆಚ್ಚು ಕೆದಕದೆ ಹುರಿದರೂ ಬಣ್ಣ ಬರುತ್ತದೆ. ಒಳಗೆ ಬೇಯದಿದ್ದರೂ ಅಡ್ಡಿಯಿಲ್ಲ, ಮುಂದೆ ಸ್ಟಾಕಿನಲ್ಲಿ ಬೇಯುತ್ತವೆ.

ಎರಡನೆಯ ಹಂತ: ಬಾಡಿಸಿ ಬೇಯಿಸುವುದು

ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನೂ ಒಂದು ಚಿಟಿಕೆ ಉಪ್ಪನ್ನೂ ಹಾಕಿ ಸಣ್ಣ ಉರಿಯಲ್ಲಿ 8 ರಿಂದ 10 ನಿಮಿಷ ಬಾಡಿಸಬೇಕು. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುವುದರಿಂದ ಅದು ಸೀಯದೆ ತನ್ನ ರಸದಲ್ಲೇ ಮೆತ್ತಗಾಗುತ್ತದೆ. ಈರುಳ್ಳಿ ಪಾರದರ್ಶಕವಾಗಿ, ಬೆರಳಿನಲ್ಲಿ ಹಿಸುಕಿದರೆ ಹಿಟ್ಟಾಗುವಂತಿರಬೇಕು. ಈ ಹಂತದಲ್ಲಿ ಅವಸರಪಟ್ಟರೆ ಅರೆದ ಮೇಲೂ ಹಸಿ ಈರುಳ್ಳಿಯ ಖಾರ ನಾಲಿಗೆಗೆ ಸಿಗುತ್ತದೆ. ತುರಿದ ಶುಂಠಿಯನ್ನು ಹಾಕಿ ಒಂದು ನಿಮಿಷ ತಿರುವಿ, ಒಂದೂವರೆ ಸೆಂಟಿಮೀಟರ್ ಹೋಳುಗಳಾಗಿ ಹೆಚ್ಚಿದ ಆಲೂಗಡ್ಡೆಯನ್ನೂ ಹುರಿದ ತರಕಾರಿಗಳನ್ನೂ ಸೇರಿಸಬೇಕು. ಆಲೂಗಡ್ಡೆಯ ಹೋಳುಗಳನ್ನು ಒಂದೆಡೆ ಸೇರಿಸಿಟ್ಟರೆ ಅಥವಾ ತೆಳ್ಳಗಿನ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಹಾಕಿದರೆ ಮುಂದೆ ಅವನ್ನು ಹೊರತೆಗೆಯುವುದು ಸುಲಭ. ಹೊರತೆಗೆಯಬೇಕಾದ ಕಾರಣ ಅರೆಯುವ ಹಂತದಲ್ಲಿ ತಿಳಿಯುತ್ತದೆ.

ಈಗ ಸ್ಟಾಕ್. ಅಳೆದಿಟ್ಟ 800 ಮಿಲಿಲೀಟರನ್ನೂ ಒಮ್ಮೆಲೇ ಸುರಿಯಬಾರದು. ಮೊದಲು 600 ಮಿಲಿಲೀಟರ್ ಹಾಕಿ ನೋಡಬೇಕು. ತರಕಾರಿಯ ಮೇಲ್ಭಾಗದ ಹೋಳುಗಳು ನೀರಿನಿಂದ ತುಸು ಹೊರಗೆ ಇಣುಕುತ್ತಿದ್ದರೆ ಪ್ರಮಾಣ ಸರಿಯಾಗಿದೆ. ತರಕಾರಿ ಮುಳುಗಿ ಮೇಲೆ ಎರಡು ಬೆರಳು ನೀರು ನಿಂತಿದ್ದರೆ ಪಾತ್ರೆ ಕಿರಿದಾಗಿದೆಯೋ ತರಕಾರಿ ಕಡಿಮೆಯಾಗಿದೆಯೋ ಎಂದು ಪರೀಕ್ಷಿಸಿ, ಹೆಚ್ಚಾದ ಸ್ಟಾಕನ್ನು ಸೌಟಿನಿಂದ ತೆಗೆದಿಡಬೇಕು. ಮಂದವಾದ ಸೂಪನ್ನು ತೆಳ್ಳಗೆ ಮಾಡಲು ಅರ್ಧ ನಿಮಿಷ ಸಾಕು, ತೆಳ್ಳಗಾದದ್ದನ್ನು ಮಂದ ಮಾಡಲು ಅರ್ಧ ಗಂಟೆ ಒಲೆಯ ಮುಂದೆ ನಿಲ್ಲಬೇಕು.

ಪಾತ್ರೆಗೆ ಮುಚ್ಚಳವನ್ನು ತುಸು ಓರೆಯಾಗಿ ಮುಚ್ಚಿ, ಸಣ್ಣ ಗುಳ್ಳೆಗಳು ಏಳುವಷ್ಟೇ ಉರಿಯಲ್ಲಿ 18 ರಿಂದ 20 ನಿಮಿಷ ಬೇಯಿಸಬೇಕು. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸುಮಾರು 85 ಡಿಗ್ರಿ ದಾಟಿದ ಮೇಲೆ ಸಡಿಲವಾಗತೊಡಗುತ್ತದೆ. ಅದು ಪೂರ್ತಿ ಸಡಿಲವಾಗದೆ ಎಷ್ಟು ಅರೆದರೂ ಸೂಪಿನಲ್ಲಿ ತರಿತರಿ ಉಳಿಯುತ್ತದೆ. ಹುಳಿ ಈ ಸಡಿಲಿಕೆಯನ್ನು ತಡೆಯುತ್ತದೆ. ಟೊಮೆಟೊ, ನಿಂಬೆರಸ, ಹುಳಿ ಸೇಬು ಯಾವುದನ್ನೇ ಆಗಲಿ ತರಕಾರಿ ಮೆತ್ತಗಾದ ಮೇಲೆಯೇ ಹಾಕಬೇಕೆನ್ನುವುದು ಇದೇ ಕಾರಣಕ್ಕೆ. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವವರೂ ಇದ್ದಾರೆ. ತರಕಾರಿ ಬೇಗ ಬೇಯುವುದು ನಿಜ, ಆದರೆ ಸೋಪಿನಂಥ ರುಚಿ ಬರುವುದೂ ಅಷ್ಟೇ ನಿಜ.

ಬೆಂದಿದೆಯೇ ಎಂದು ತಿಳಿಯಲು ಚಾಕು ಚುಚ್ಚಿ ನೋಡಿದರೆ ಸಾಲದು. ಕ್ಯಾರೆಟ್ಟಿನ ಅತಿ ದೊಡ್ಡ ಹೋಳನ್ನು ಪಾತ್ರೆಯ ಗೋಡೆಗೆ ಚಮಚದ ಬೆನ್ನಿನಿಂದ ಒತ್ತಬೇಕು. ಅದು ಒಡೆಯದೆ ಬೆಣ್ಣೆಯಂತೆ ಹರಡಿಕೊಂಡರೆ ಒಲೆ ಆರಿಸಬಹುದು.

ಮೂರನೆಯ ಹಂತ: ಅರೆಯುವುದು

ಸೂಪ್ ಮಾಡುವಾಗ ನಡೆಯುವ ಅವಘಡಗಳಲ್ಲಿ ಹೆಚ್ಚಿನವು ಈ ಹಂತದವೇ. ಕುದಿಯುವ ಸೂಪನ್ನು ಮಿಕ್ಸಿ ಜಾರಿಗೆ ತುಂಬಿ ಮುಚ್ಚಳ ಬಿಗಿದು ಗುಂಡಿ ಒತ್ತಿದರೆ, ಒಳಗಿನ ಬಿಸಿ ಆವಿ ಒಮ್ಮೆಲೇ ಹಿಗ್ಗಿ ಮುಚ್ಚಳವನ್ನು ಎತ್ತಿ ಎಸೆಯುತ್ತದೆ. ಅಡುಗೆಮನೆಯ ಚಾವಣಿಯಿಂದ ಕಿತ್ತಳೆ ಬಣ್ಣದ ಕಲೆಯನ್ನು ಉಜ್ಜಿ ತೆಗೆದ ದಿನದಿಂದ ನಾನು ಈ ವಿಷಯದಲ್ಲಿ ಅವಸರ ಮಾಡುವುದಿಲ್ಲ. ಬೆಂದ ತರಕಾರಿ ಕನಿಷ್ಠ 10 ರಿಂದ 15 ನಿಮಿಷ ಆರಬೇಕು. ಜಾರನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮುಚ್ಚಳದ ನಡುವೆ ತೆಗೆಯಬಹುದಾದ ಚಿಕ್ಕ ಬಿರಡೆಯಿದ್ದರೆ ಅದನ್ನು ತೆಗೆದು, ಆ ತೂತಿನ ಮೇಲೆ ಮಡಚಿದ ದಪ್ಪ ಬಟ್ಟೆಯನ್ನು ಸಡಿಲವಾಗಿ ಹಿಡಿದು, ಅತಿ ಕಡಿಮೆ ವೇಗದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಬೇಕು. ಮುಚ್ಚಳದಲ್ಲಿ ತೂತಿಲ್ಲದ ಜಾರಾದರೆ ಸೂಪ್ ಪೂರ್ತಿ ತಣ್ಣಗಾಗುವವರೆಗೆ ಕಾಯುವುದೇ ಸುರಕ್ಷಿತ, ಅರೆದ ಮೇಲೆ ಮತ್ತೆ ಬಿಸಿ ಮಾಡಿಕೊಳ್ಳಬಹುದು. ಹ್ಯಾಂಡ್ ಬ್ಲೆಂಡರ್ ಇದ್ದವರು ಪಾತ್ರೆಯಲ್ಲೇ ಅರೆಯಬಹುದು. ಅದರ ತಲೆ ಸೂಪಿನಲ್ಲಿ ಪೂರ್ತಿ ಮುಳುಗಿರುವಾಗಲೇ ಗುಂಡಿ ಒತ್ತಬೇಕು, ಮೇಲೆತ್ತುವ ಮೊದಲು ನಿಲ್ಲಿಸಬೇಕು. ಅದರಲ್ಲಿ ಮಿಕ್ಸಿಯಷ್ಟು ನುಣುಪು ಬರುವುದಿಲ್ಲವಾದರೂ ದಿನನಿತ್ಯದ ಊಟಕ್ಕೆ ಧಾರಾಳವಾಯಿತು.

ಆಲೂಗಡ್ಡೆಯ ವಿಷಯಕ್ಕೆ ಬರೋಣ. ಬೆಂದ ಆಲೂಗಡ್ಡೆಯನ್ನು ವೇಗವಾಗಿ ತಿರುಗುವ ಅಲಗಿನ ಬಾಯಿಗೆ ಹೆಚ್ಚು ಹೊತ್ತು ಕೊಟ್ಟರೆ, ನೀರು ಕುಡಿದು ಉಬ್ಬಿದ ಅದರ ಪಿಷ್ಟದ ಕಣಗಳು ಒಡೆದು ಅಂಟು ಹೊರಬರುತ್ತದೆ, ಸೂಪ್ ಗೋಂದಿನಂತೆ ನೂಲು ಎಳೆಯತೊಡಗುತ್ತದೆ. ಆದ್ದರಿಂದ ಆಲೂಗಡ್ಡೆಯ ಹೋಳುಗಳನ್ನು ಬೇರೆ ತೆಗೆದು, ಕುಂಬಳ, ಕ್ಯಾರೆಟ್, ಈರುಳ್ಳಿ ಮತ್ತು ಸಿಪ್ಪೆಯಿಂದ ಹಿಂಡಿ ತೆಗೆದ ಬೆಳ್ಳುಳ್ಳಿಯನ್ನು ಮೊದಲು ಒಂದೆರಡು ನಿಮಿಷ ಅತಿ ನುಣ್ಣಗೆ ಅರೆಯಬೇಕು. ಆಲೂಗಡ್ಡೆಯನ್ನು ಕೈಯಿಂದ ಚೆನ್ನಾಗಿ ಹಿಸುಕಿ ಕೊನೆಗೆ ಸೇರಿಸಿ, ಎರಡು ಮೂರು ಸೆಕೆಂಡುಗಳಂತೆ ನಾಲ್ಕೈದು ಬಾರಿ ಮಾತ್ರ ತಿರುಗಿಸಬೇಕು.

ಅತಿಥಿಗಳು ಬರುವ ದಿನ ಅರೆದದ್ದನ್ನು ಒಮ್ಮೆ ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಸೋಸಿದರೆ ಕ್ಯಾರೆಟ್ಟಿನ ನಾರು, ಶುಂಠಿಯ ಎಳೆ ಎಲ್ಲವೂ ಹಿಂದುಳಿದು ಸೂಪ್ ರೇಷ್ಮೆಯಂತಾಗುತ್ತದೆ. ಬೇರೆ ದಿನಗಳಲ್ಲಿ ನಾನು ಸೋಸುವುದಿಲ್ಲ.

ನಾಲ್ಕನೆಯ ಹಂತ: ಹದ, ಕೆನೆ ಮತ್ತು ರುಚಿ

ಅರೆದ ಸೂಪನ್ನು ಮತ್ತೆ ಸಣ್ಣ ಉರಿಯಲ್ಲಿಟ್ಟು, ಉಳಿಸಿಟ್ಟ ಸ್ಟಾಕನ್ನು ಒಂದೊಂದೇ ಸೌಟಿನಂತೆ ಬೆರೆಸುತ್ತ ಹದ ನೋಡಬೇಕು. ಚಮಚವನ್ನು ಅದ್ದಿ ತೆಗೆದಾಗ ಅದರ ಬೆನ್ನಿಗೆ ಸೂಪ್ ಲೇಪದಂತೆ ಅಂಟಬೇಕು, ಆ ಲೇಪದ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಬಟ್ಟಲಿನಲ್ಲಿ ಆರುತ್ತಿದ್ದಂತೆ ಸೂಪ್ ಇನ್ನಷ್ಟು ಮಂದವಾಗುವುದರಿಂದ ಒಲೆಯ ಮೇಲಿರುವಾಗ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ತೆಳ್ಳಗಿರುವುದೇ ಸರಿ. ಮಂದವಾದ ಸೂಪ್ ಕುದಿಯುವಾಗ ದೊಡ್ಡ ಗುಳ್ಳೆಗಳಾಗಿ ಸಿಡಿದು ಕೈ ಸುಡುತ್ತದೆ. ಉರಿ ಕಡಿಮೆಯಿರಲಿ, ಸೌಟು ಆಡುತ್ತಿರಲಿ.

ಒಲೆ ಆರಿಸಿದ ಮೇಲೆ ಕ್ರೀಮ್ ಬೆರೆಸಬೇಕು. ಜಿಡ್ಡಿನ ಅಂಶ ಶೇಕಡಾ 35ರ ಆಸುಪಾಸಿನಲ್ಲಿರುವ ಕ್ರೀಮ್ ಬಿಸಿಗೂ ಅಲ್ಪಸ್ವಲ್ಪ ಹುಳಿಗೂ ಸುಲಭವಾಗಿ ಒಡೆಯುವುದಿಲ್ಲ. ಹಾಲು ಅಥವಾ ಮೊಸರನ್ನು ಬಳಸುವವರು ಮಾತ್ರ ಎಚ್ಚರ ವಹಿಸಬೇಕು: ಅದನ್ನು ಬೇರೊಂದು ಬಟ್ಟಲಿನಲ್ಲಿ ಕದಡಿ, ಎರಡು ಸೌಟು ಬಿಸಿ ಸೂಪನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಬೆರೆಸಿ, ಬೆಚ್ಚಗಾದ ಬಳಿಕ ಪಾತ್ರೆಗೆ ಸುರಿಯಬೇಕು, ಮತ್ತೆ ಕುದಿಸಬಾರದು. ಹಾಲಿನ ಪದಾರ್ಥ ಬೇಡವಾದವರಿಗೆ ಗೋಡಂಬಿ ಎಲ್ಲಕ್ಕಿಂತ ಚೆನ್ನಾಗಿ ಒದಗುತ್ತದೆ. 40 ಗ್ರಾಂ ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ತರಕಾರಿಯ ಜೊತೆಗೇ ಅರೆದರೆ ಕ್ರೀಮ್ ಇಲ್ಲವೆಂದು ಯಾರಿಗೂ ಗೊತ್ತಾಗದು; ಆಗ ಬೆಣ್ಣೆಯ ಜಾಗದಲ್ಲಿ ಎಣ್ಣೆ ಬಳಸಬೇಕು. ತೆಂಗಿನ ಹಾಲೂ ಆಗಬಹುದು, ಆದರೆ ಅದರ ಪರಿಮಳವೇ ಮುಂದಾಗಿ ಜಾಯಿಕಾಯಿ ಹಿಂದೆ ಸರಿಯುತ್ತದೆ. ಜಿಡ್ಡನ್ನು ಪೂರ್ತಿಯಾಗಿ ಬಿಡುವುದು ನನಗೆ ಸರಿಕಾಣುವುದಿಲ್ಲ. ಕುಂಬಳ ಮತ್ತು ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಜಿಡ್ಡಿನಲ್ಲಿ ಕರಗುವಂಥದ್ದು, ದೇಹ ಅದನ್ನು ಹೀರಿಕೊಳ್ಳಲು ಊಟದಲ್ಲಿ ತುಸುವಾದರೂ ಜಿಡ್ಡಿರಬೇಕು.

ಉಪ್ಪನ್ನು ಕೊನೆಯಲ್ಲಿ ಸರಿಪಡಿಸಬೇಕು. ಇಷ್ಟು ಸೂಪಿಗೆ, ಮೊದಲು ಹಾಕಿದ್ದೂ ಸೇರಿ, ಒಟ್ಟು ಒಂದೂವರೆಯಿಂದ ಎರಡು ಸಮತಟ್ಟಾದ ಸಣ್ಣ ಚಮಚ ಉಪ್ಪು ಹಿಡಿಯುತ್ತದೆ. ಉಪ್ಪು ಸರಿಯಾಗಿದ್ದರೂ ರುಚಿ ಏನೋ ಸಪ್ಪೆಯೆನಿಸಿದರೆ ಅಲ್ಲಿ ಬೇಕಿರುವುದು ಹುಳಿ. ಸಿಹಿ ತರಕಾರಿಗಳ ಸೂಪಿನಲ್ಲಿ ಒಂದು ಸಣ್ಣ ಚಮಚ ನಿಂಬೆರಸ ಮಾಡುವ ಬದಲಾವಣೆಯನ್ನು ಮತ್ತೊಂದು ಚಮಚ ಉಪ್ಪು ಮಾಡಲಾರದು. ಕಾಳುಮೆಣಸು ಮತ್ತು ಜಾಯಿಕಾಯಿಯ ಪುಡಿಯನ್ನು ಹಾಕಿ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ರುಚಿ ನೋಡಬೇಕು.

ಉಪ್ಪು ಹೆಚ್ಚಾದಾಗ ಹಸಿ ಆಲೂಗಡ್ಡೆಯ ತುಂಡು ಹಾಕಿದರೆ ಅದು ಉಪ್ಪನ್ನು ಹೀರುತ್ತದೆಂಬ ಮಾತಿದೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಆರಿಸಿ ಉಪ್ಪನ್ನೇ ಅಲ್ಲ; ಉಳಿದ ಸೂಪ್ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ತರಕಾರಿಯನ್ನು ಅರೆದು ಬೆರೆಸಿ ಸೂಪಿನ ಪ್ರಮಾಣವನ್ನು ಹೆಚ್ಚಿಸುವುದೊಂದೇ ದಾರಿ. ಸೂಪ್ ತಳ ಹಿಡಿದರೆ ಕೆರೆಯಬಾರದು, ಕದಡಲೂಬಾರದು. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಸೀದ ವಾಸನೆ ತಳದಲ್ಲೇ ಉಳಿಯುತ್ತದೆ.

ಬಡಿಸುವುದು ಮತ್ತು ಉಳಿಸಿಡುವುದು

ನುಣುಪಾದ ಸೂಪಿಗೆ ಕರುಕುರೆನ್ನುವ ಏನಾದರೊಂದು ಜೊತೆಯಿರಬೇಕು. ಕುಂಬಳದ ಬೀಜಗಳನ್ನು ತೊಳೆದು ಒಣಗಿಸಿ, ಎಣ್ಣೆ ಮತ್ತು ಉಪ್ಪು ಸವರಿ, 160 ಡಿಗ್ರಿಯ ಓವನ್ನಿನಲ್ಲಿ 15 ರಿಂದ 20 ನಿಮಿಷ ಹುರಿದರೆ ಅದಕ್ಕಿಂತ ಬೇರೆ ಬೇಕಿಲ್ಲ. ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಚೂರುಗಳೂ ಒಪ್ಪುತ್ತವೆ. ಬಟ್ಟಲುಗಳನ್ನು ಮೊದಲೇ ಬಿಸಿನೀರಿನಿಂದ ಬೆಚ್ಚಗೆ ಮಾಡಿಟ್ಟರೆ ಸೂಪ್ ಬೇಗ ಆರುವುದಿಲ್ಲ.

ಮರುದಿನಕ್ಕೂ ಇರಲೆಂದು ಹೆಚ್ಚು ಮಾಡುವವರು ಆ ಭಾಗವನ್ನು ಕ್ರೀಮ್ ಬೆರೆಸುವ ಮೊದಲೇ ತೆಗೆದಿಡಬೇಕು. ಮಂದವಾದ ಸೂಪ್ ದೊಡ್ಡ ಪಾತ್ರೆಯಲ್ಲಿ ಬಹಳ ನಿಧಾನವಾಗಿ ಆರುತ್ತದೆ, ಆ ನಡುವಿನ ಬೆಚ್ಚಗಿನ ಸ್ಥಿತಿಯಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಗಲವಾದ ತಗ್ಗು ಪಾತ್ರೆಗಳಿಗೆ ಹಂಚಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, 3 ದಿನದೊಳಗೆ ಮುಗಿಸಬೇಕು. ಫ್ರೀಜರಿನಲ್ಲಿ 2 ತಿಂಗಳವರೆಗೆ ಇಡಬಹುದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಡಬ್ಬಿಯನ್ನು ಕಂಠಮಟ್ಟ ತುಂಬದೆ ಎರಡು ಬೆರಳಿನಷ್ಟು ಜಾಗ ಬಿಡಬೇಕು. ಹೆಪ್ಪು ಕರಗಿದಾಗ ಆಲೂಗಡ್ಡೆಯ ಪಿಷ್ಟ ನೀರು ಬಿಟ್ಟುಕೊಂಡು ಸೂಪ್ ಒಡೆದಂತೆ, ತರಿತರಿಯಾಗಿ ಕಾಣುತ್ತದೆ. ಕೆಟ್ಟಿದೆಯೆಂದು ಚೆಲ್ಲಬೇಕಾಗಿಲ್ಲ. ಸಣ್ಣ ಉರಿಯಲ್ಲಿ ತಳ ಕೆದಕುತ್ತ ಪೂರ್ತಿ ಕುದಿ ಬರುವವರೆಗೆ ಬಿಸಿ ಮಾಡಿ, ತುಸು ಆರಿದ ಮೇಲೆ ಕೆಲವೇ ಸೆಕೆಂಡು ಮತ್ತೆ ಅರೆದರೆ ಮೊದಲಿನ ನುಣುಪು ಮರಳುತ್ತದೆ. ಕ್ರೀಮ್ ಮತ್ತು ನಿಂಬೆರಸವನ್ನು ಆಗ ಬೆರೆಸಬೇಕು.